ಕುರಿ ಒದರಿದರೆ ಏನು ನೋಡಬೇಕು, ಸುಮ್ಮನಾದರೆ ಏನು ಮಾಡಬೇಕು

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಮಾಡಗ್ಯಾಳ, ಸಂಖ, ಉಮದಿ ಕಡೆ ಈಗ ಹೊಸಬರೂ ಕುರಿ ಕಟ್ಟುತ್ತಿದ್ದಾರೆ. ಹಟ್ಟಿಯಲ್ಲೇ ಹುಟ್ಟಿ ಬೆಳೆದವರಿಗೆ ಕುರಿಯ ದನಿ ಕೇಳಿದರೆ ಸಾಕು, ಎದ್ದು ಹೋಗಬೇಕೋ ಮಲಗಬಹುದೋ ಗೊತ್ತಾಗುತ್ತದೆ. ಹೊಸಬರಿಗೆ ಎಲ್ಲ ದನಿಯೂ ಒಂದೇ. ಒಂದು ಕುರಿ ಜೋರಾಗಿ ಒದರಿದ ಕೂಡಲೇ ಡಾಕ್ಟರ್‌ಗೆ ಫೋನ್ ಮಾಡುತ್ತಾರೆ. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಇನ್ನೊಂದನ್ನು ಯಾರೂ ನೋಡುವುದಿಲ್ಲ. ಬೆಳಿಗ್ಗೆ ಸತ್ತಿರುವುದು ಆ ಎರಡನೆಯದು.

ಕುರಿ ಬೇಟೆಗೆ ಸಿಗುವ ಪ್ರಾಣಿ. ನೋವಾದಾಗ ಕೂಗಿದರೆ ತೋಳಕ್ಕೆ ಗೊತ್ತಾಗುತ್ತದೆ ಅಲ್ವಾ? ಅದಕ್ಕೇ ಅದು ನೋವನ್ನು ನುಂಗಿಕೊಳ್ಳುತ್ತದೆ. ಬಾಯಿ ತೆರೆದು ಒದರುವುದು ಬಹುತೇಕ ಹಸಿವಿಗೆ, ಒಂಟಿತನಕ್ಕೆ, ಮರಿಗಾಗಿ. ಕಾಯಿಲೆಯ ದನಿಗಳು ಮೆಲ್ಲಗಿರುತ್ತವೆ: ಕೆಮ್ಮು, ನರಳುವುದು, ಹಲ್ಲು ಕಡಿಯುವುದು. ಅವನ್ನು ಕೇಳಬೇಕಾದರೆ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕು.

ಯಾವ ದನಿಯೇ ಇರಲಿ, ಮೊದಲು ದೂರದಿಂದಲೇ ನೋಡಿ. ಒದರುತ್ತಿರುವುದು ಒಂದೋ, ಇಡೀ ಹಿಂಡೋ? ಬಾಯಿ ತೆರೆದಿದೆಯೋ, ಮುಚ್ಚಿದೆಯೋ? ಉಳಿದವು ಮೆಲುಕು ಹಾಕುತ್ತಿವೆಯೋ? ನೀವು ಹತ್ತಿರ ಹೋದ ಮೇಲೆ ಎಲ್ಲವೂ ಎದ್ದು ಓಡುತ್ತವೆ, ಆಮೇಲೆ ಏನೂ ತಿಳಿಯುವುದಿಲ್ಲ.

ಇಡೀ ಹಿಂಡು ಒದರುತ್ತಿದೆ

ಹೆಚ್ಚಾಗಿ ಇದು ಹಸಿವು, ನೀರಡಿಕೆ, ಇಲ್ಲವೇ ಹೊತ್ತು ತಪ್ಪಿರುವುದು. ದಿನಾ ಒಂಬತ್ತಕ್ಕೆ ಹಟ್ಟಿಯ ಸುತ್ತ ಕಟ್ಟಿದ ಬಲೆ ಬಿಚ್ಚುವವರು ಒಂದು ದಿನ ಹತ್ತಕ್ಕೆ ಬಿಚ್ಚಿದರೆ ಹಿಂಡು ಸುಮ್ನೆ ಇರುವುದಿಲ್ಲ. ನೀರಿನ ತೊಟ್ಟಿ ನೋಡಿ. ನೀರು ಇದ್ದರೆ ಸಾಲದು, ಮೂಸಿ ನೋಡಿ. ಪಾಚಿ ಕಟ್ಟಿದ, ಹಿಕ್ಕೆ ಬಿದ್ದ ನೀರನ್ನು ಕುರಿ ಮುಟ್ಟುವುದಿಲ್ಲ. ಮೇವು ನೀರು ಕೊಟ್ಟು ಅರ್ಧ ಗಂಟೆಯಲ್ಲಿ ಗದ್ದಲ ನಿಂತರೆ ಅಲ್ಲಿಗೆ ಮುಗಿಯಿತು.

ಒಂದೇ ಕುರಿ, ಬಾಯಿ ತೆರೆದು, ಬಿಡದೆ ಒದರುತ್ತಿದೆ

ಅದು ಒಂಟಿಯಾಗಿದೆಯೇ ನೋಡಿ. ಸಂತೆಯಿಂದ ಹೊಸದಾಗಿ ತಂದದ್ದು, ಕಾಲು ಕುಂಟುತ್ತದೆ ಎಂದು ಬೇರೆ ಕಟ್ಟಿದ್ದು, ಇವು ಎರಡು ಮೂರು ದಿನ ಒದರುತ್ತವೆ. ದನಿ ಎತ್ತರದ್ದು, ಉದ್ದನೆಯದು. ನಡುನಡುವೆ ನಿಂತು, ಕಿವಿ ಮುಂದೆ ಮಾಡಿ, ಉತ್ತರ ಬರುತ್ತದೆಯೇ ಎಂದು ಕೇಳಿಸಿಕೊಳ್ಳುತ್ತದೆ. ಆ ನಿಲುಗಡೆಯೇ ಗುರುತು. ಕಾಯಿಲೆ ಬಿದ್ದ ಕುರಿ ಹಾಗೆ ಕಾಯುವುದಿಲ್ಲ.

ಕುರಿಗೆ ಜೊತೆಗಾರರ ನೆನಪು ಜಾಸ್ತಿ. ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಜೊತೆಯವರು ಮಾಡಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಒಂದು ಕುರಿ ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಟ್ಟುಕೊಳ್ಳಬಲ್ಲದು ಎಂದು ಅವರು ತೋರಿಸಿದರು. ಹಾಗಾಗಿ ಹೊಸ ಕುರಿ ಹಳೆಯ ಹಿಂಡಿಗಾಗಿ ಒದರುವುದರಲ್ಲಿ ಅಚ್ಚರಿ ಇಲ್ಲ.

ಪರಿಹಾರ ಸುಲಭ: ಪಕ್ಕದಲ್ಲಿ ಇನ್ನೊಂದು ಸಾಧು ಕುರಿ ಕಟ್ಟಿ. ಹೊಸದಾಗಿ ತಂದದ್ದಾದರೆ ಹಿಂಡಿಗೆ ಕೂಡಲೇ ಸೇರಿಸಬೇಡಿ. ಮೂರು ವಾರ ಬೇರೆಯೇ ಇರಲಿ, ಸಂತೆಯ ರೋಗ ಹಟ್ಟಿಗೆ ಬರುವುದು ಹೀಗೆಯೇ. ಹೊಸದನ್ನು ಎರಡು ತಂದರೆ ಒಂದಕ್ಕೊಂದು ಜೊತೆಯಾಗುತ್ತವೆ. ಒಂದೇ ತಂದಿದ್ದರೆ ಗೋಡೆಗೆ ಕುರಿಯ ಮುಖದ ಎತ್ತರಕ್ಕೆ ಒಂದು ಕನ್ನಡಿ ಕಟ್ಟಿ ನೋಡಿ, ಒಡೆಯದ ಹಾಗೆ ಭದ್ರವಾಗಿ. ತನ್ನ ನೆರಳನ್ನೇ ಜೊತೆ ಎಂದುಕೊಂಡು ಎಷ್ಟೋ ಶಾಂತವಾಗುತ್ತದೆ.

ಬೆದೆಗೆ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಆಡಿನಲ್ಲಿ ಅದು ನಿಜ. ಬೆದೆಯ ಆಡು ದಿನವಿಡೀ ಒದರುತ್ತದೆ, ಬಾಲ ಅಲ್ಲಾಡಿಸುತ್ತದೆ. ಕುರಿ ಹಾಗಲ್ಲ. 17 ದಿನಕ್ಕೊಮ್ಮೆ ಬೆದೆಗೆ ಬಂದು ಸದ್ದಿಲ್ಲದೆ ಟಗರಿನ ಹತ್ತಿರ ಸುಳಿದಾಡುತ್ತದೆ, ಅಷ್ಟೇ.

ತಾಯಿ ಮತ್ತು ಮರಿ: ಒಂದು ಕರೆಯುತ್ತದೆ, ಇನ್ನೊಂದು ಉತ್ತರಿಸುವುದಿಲ್ಲ

ಈದ ಕುರಿಯ ಮೊದಲ ದನಿ ಒದರುವುದಲ್ಲ. ಬಾಯಿ ಮುಚ್ಚಿಯೇ ಇರುತ್ತದೆ. ಗಂಟಲಿನ ಒಳಗಿನಿಂದ ಗುರ್‌ಗುರ್ ಎಂದು ಬಹಳ ತಗ್ಗಿನ ದನಿ, ಮೂಗಿನ ಹೊಳ್ಳೆ ಮಾತ್ರ ನಡುಗುತ್ತದೆ. ಮರಿಯ ಬೆನ್ನು ನೆಕ್ಕುತ್ತಾ, ಬಾಲದ ಬುಡ ಮೂಸುತ್ತಾ, ನೆಕ್ಕುವುದನ್ನು ನಿಲ್ಲಿಸದೆ ಗುರುಗುಡುತ್ತದೆ. ಎರಡು ಮಾರು ದೂರ ನಿಂತರೆ ಕೇಳುವುದೇ ಇಲ್ಲ. ಒದ್ದೆ ಮರಿ ತೊದಲುತ್ತಾ ಒಂದು ಸಣ್ಣ ದನಿ ಕೊಟ್ಟರೆ ತಾಯಿ ಮತ್ತೆ ಗುರುಗುಡುತ್ತದೆ. ಈ ಮೊದಲ ಒಂದೆರಡು ಗಂಟೆಯಲ್ಲೇ ತಾಯಿ ಮರಿಯ ವಾಸನೆ ಕಲಿಯುವುದು. ದನಿಯ ಗುರುತು ಆಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಮರಿಯನ್ನು ಎತ್ತಿಕೊಂಡು ಹೋಗಿ ಮಕ್ಕಳಿಗೆ ತೋರಿಸುವುದು, ಬಟ್ಟೆಯಿಂದ ಉಜ್ಜಿ ತೊಳೆಯುವುದು ಬೇಡ. ಮೂಗು ಬಾಯಿಯ ಲೋಳೆ ಮಾತ್ರ ತೆಗೆದು ತಾಯಿಯ ಮುಂದೆ ಬಿಡಿ.

ಗುರುಗುಡುವ ದನಿ ಇಲ್ಲ, ತಾಯಿ ಮರಿಗೆ ಗುಮ್ಮುತ್ತದೆ ಎಂದರೆ ಕೆಚ್ಚಲು ಮುಟ್ಟಿ. ಬಿಸಿಯಾಗಿ, ಗಟ್ಟಿಯಾಗಿ, ಒಂದು ಬದಿ ಕೆಂಪಾಗಿದ್ದರೆ ಕೆಚ್ಚಲು ಬಾವು. ಹಾಲು ಹಿಂಡಿ ನೋಡಿ, ಗಡ್ಡೆಗಡ್ಡೆ, ನೀರು ನೀರು, ರಕ್ತ ಬಂದರೆ ಅದೇ ದಿನ ಡಾಕ್ಟರ್ ಬೇಕು. ಕೆಚ್ಚಲು ಚೆನ್ನಾಗಿದ್ದರೆ ತಾಯಿ ಮರಿ ಎರಡನ್ನೂ ಕಿರಿದಾದ ಜಾಗದಲ್ಲಿ ಕೂಡಿ. ತಲೆ ಹಿಡಿದು ದಿನಕ್ಕೆ ನಾಲ್ಕೈದು ಸಲ ಕುಡಿಸಿದರೆ ಎರಡು ಮೂರು ದಿನದಲ್ಲಿ ಹೆಚ್ಚಿನವು ಒಪ್ಪಿಕೊಳ್ಳುತ್ತವೆ.

ಮರಿಯ ದನಿಯನ್ನೂ ಕೇಳಬೇಕು. ಹಸಿದ ಮರಿ ಜೋರಾಗಿ, ಸಿಟ್ಟಿನಿಂದ ಒದರುತ್ತದೆ. ಅದು ಒಳ್ಳೆಯದೇ. ದನಿ ತೆಳ್ಳಗಾಗಿ, ಒಡೆದು, ಆಮೇಲೆ ನಿಂತರೆ ಅಪಾಯ. ದೀಪಾವಳಿಯ ಹುಲಜಂತಿ ಜಾತ್ರೆ ಮುಗಿದ ಮೇಲೆ ನಮ್ಮ ಬಯಲಿನಲ್ಲಿ ಚಳಿ ಏರುತ್ತದೆ. ಆಗ ರಾತ್ರಿ ಹುಟ್ಟಿದ ಮರಿಗಳಲ್ಲಿ ಇದು ಸಾಮಾನ್ಯ. ಬೆರಳನ್ನು ಮರಿಯ ಬಾಯಿಗೆ ಇಡಿ. ಬಾಯಿ ತಣ್ಣಗಿದೆ, ಚೀಪುವುದಿಲ್ಲ ಎಂದರೆ ಮೈಯ ಬಿಸಿ ಇಳಿದಿದೆ. ಅಂಥ ಮರಿಯ ಬಾಯಿಗೆ ಹಾಲು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಮೈ ಒರೆಸಿ, ಕಂಬಳಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಚೀಪಲು ಶುರು ಮಾಡಿದ ಮೇಲೆ ಗಿಣ್ಣು ಹಾಲು. ಹುಟ್ಟಿ ಐದಾರು ಗಂಟೆ ಕಳೆದು, ಏನೂ ಕುಡಿಯದೆ ತಣ್ಣಗಾಗಿ ಬಿದ್ದಿದ್ದರೆ ಬರೀ ಕಾಯಿಸುವುದು ಸಾಲದು. ಗ್ಲೂಕೋಸ್ ಬೇಕಾಗುತ್ತದೆ, ಅದು ಡಾಕ್ಟರ್ ಕೆಲಸ. ಎಲ್ಲ ಸರಿ ಇರುವ ಮರಿಗೆ ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಬೀಳಲೇಬೇಕು.

ಇಲ್ಲೊಂದು ಎಚ್ಚರಿಕೆ. ಈಯುವಾಗಿನ ನೀರು, ಸತ್ತೆ (ಮಾಸು), ಕಂದು ಹಾಕಿದ ಮರಿ, ಇವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರೂಸೆಲ್ಲಾ ಥರದ ರೋಗ ಮನುಷ್ಯರಿಗೂ ಬರುತ್ತದೆ. ಬಸುರಿ ಹೆಂಗಸರು ಈ ಕೆಲಸದಿಂದ ದೂರ ಇರಲಿ.

ಮೂರು ತಿಂಗಳ ಮರಿಯ ಹಾಲು ಬಿಡಿಸಿದಾಗಲೂ ತಾಯಿ ಮರಿ ಎರಡೂ ಒದರುತ್ತವೆ. ದನಿ ಬೀಳುವಷ್ಟು ಒದರಿದರೂ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಒಂದಕ್ಕೊಂದು ಕಾಣುವ ಹಾಗೆ ನಡುವೆ ಬಲೆ ಮಾತ್ರ ಇಟ್ಟರೆ ಗದ್ದಲ ಕಡಿಮೆ.

ಟಗರು ಗುರುಗುಡುತ್ತಿದೆ

ಕುರಿಯ ಹಿಂದೆ ಕತ್ತು ಚಾಚಿ, ಮೇಲ್ದುಟಿ ಎತ್ತಿ, ನಾಲಿಗೆ ಆಡಿಸುತ್ತಾ ಗುರುಗುಟ್ಟಿದರೆ ಅದು ಬೆದೆಯ ಕುರಿಯನ್ನು ಒಲಿಸುವ ದನಿ. ಚಿಂತೆ ಬೇಡ. ಆದರೆ ಆ ಹೊತ್ತಿನಲ್ಲಿ ಟಗರಿಗೆ ಬೆನ್ನು ಕೊಟ್ಟು ನಿಲ್ಲಬೇಡಿ, ಮಕ್ಕಳನ್ನು ಬಿಡಬೇಡಿ.

ಮೂಗಿನಿಂದ ಫಕ್ಕನೆ ಗಾಳಿ ಬಿಟ್ಟು ಕಾಲು ಕುಟ್ಟುತ್ತದೆ

ಇದು ಹೆದರಿಕೆಯ, ಎಚ್ಚರಿಕೆಯ ಸದ್ದು. ಒಂದು ಕುರಿ ಮಾಡಿದರೆ ಉಳಿದವೂ ತಲೆ ಎತ್ತಿ ಅದೇ ದಿಕ್ಕಿಗೆ ನೋಡುತ್ತವೆ. ನೀವೂ ಆ ದಿಕ್ಕಿಗೇ ನೋಡಿ. ಹಗಲಲ್ಲಿ ಹೆಚ್ಚಾಗಿ ಗೊತ್ತಿಲ್ಲದ ನಾಯಿ. ರಾತ್ರಿಯಾದರೆ ಹಾವು, ಬೀದಿ ನಾಯಿಗಳ ಗುಂಪು, ತೋಳ. ಸೊಲ್ಲಾಪುರ ಕಡೆಯ ಹುಲ್ಲುಗಾವಲುಗಳಲ್ಲಿ ತೋಳ ಇನ್ನೂ ಇದೆ, ಅದು ಕಾನೂನಿನ ರಕ್ಷಣೆ ಇರುವ ಪ್ರಾಣಿ. ಕತ್ತಲಲ್ಲಿ ಬರಿಗಾಲಲ್ಲಿ ಬಲೆಯೊಳಗೆ ನುಗ್ಗಬೇಡಿ. ಹೊರಗಿನಿಂದಲೇ ಬ್ಯಾಟರಿ ಬಿಟ್ಟು ನೆಲ ನೋಡಿ, ಸದ್ದು ಮಾಡಿ. ತೋಳ ಕುರಿ ಹಿಡಿದಿದ್ದರೆ ಹೆಣ ಎತ್ತಬೇಡಿ, ಅದಕ್ಕೆ ವಿಷ ಹಾಕುವ ಮಾತೂ ಬೇಡ. ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ, ಪಂಚನಾಮೆ ಆದರೆ ಪರಿಹಾರ ಕೇಳಬಹುದು.

ಕೆಮ್ಮು, ಸೀನು, ಗೊರಗೊರ ಉಸಿರು

ಮೊದಲು ದೂಳು. ಹಿಂಡು ರಸ್ತೆ ಬದಿಯಲ್ಲಿ ನಡೆದು ಬಂದಾಗ, ಒಣ ಹೊಟ್ಟು ತಿನ್ನುವಾಗ ನಾಲ್ಕು ಕುರಿ ಕೆಮ್ಮುತ್ತವೆ. ಹೊಟ್ಟಿಗೆ ನೀರು ಚಿಮುಕಿಸಿ, ಹಟ್ಟಿ ಬೇರೆ ಕಡೆ ಹಾಕಿ. ಎರಡು ದಿನದಲ್ಲಿ ನಿಂತರೆ ದೂಳೇ.

ನಿಲ್ಲದಿದ್ದರೆ ಹೊತ್ತು ಮೂಡುವ ಮೊದಲು, ಹಿಂಡು ಮಲಗಿರುವಾಗಲೇ ಉಸಿರು ಎಣಿಸಿ. ಪಕ್ಕೆ ಏರಿ ಇಳಿದರೆ ಒಂದು. ತಂಪು ಹೊತ್ತಿನಲ್ಲಿ, ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 30 ಇದ್ದರೆ ಸರಿ. ಮಧ್ಯಾಹ್ನದ ಬಿಸಿಲಲ್ಲಿ ಎಣಿಸಿ ಗಾಬರಿಯಾಗಬೇಡಿ, ಆಗ ಬಹಳ ಜಾಸ್ತಿ ಇರುವುದು ಸಹಜ. ಆಮೇಲೆ ಜ್ವರ ನೋಡಿ. ಔಷಧ ಅಂಗಡಿಯ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ತುದಿಗೆ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಇಡಿ, ಒಳಗೋಡೆಗೆ ತಾಗುವ ಹಾಗೆ. 102ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸರಿ. ತಂಪು ಹೊತ್ತಿನಲ್ಲೂ 104 ದಾಟಿದರೆ ಜ್ವರ.

ಜ್ವರ ಇಲ್ಲ, ಸೀನು ಜಾಸ್ತಿ, ಮೂಗಿನಿಂದ ದಪ್ಪ ಸಿಂಬಳ, ಮಟಮಟ ಮಧ್ಯಾಹ್ನ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ಮೂಗು ತೂರಿಸಿ ನಿಲ್ಲುತ್ತವೆ: ಇದು ಮೂಗಿನ ನೊಣ. ಆ ನೊಣ ಹೊಳ್ಳೆಯ ಬಳಿ ಮರಿಹುಳು ಹಾಕುತ್ತದೆ, ಅವು ಒಳಗೆ ತೆವಳಿ ಬೆಳೆಯುತ್ತವೆ. ಗೊರಗೊರ ಉಸಿರು ಅದರಿಂದ. ಇದಕ್ಕೆ ಒಳ್ಳೆಯ ಔಷಧ ಇದೆ, ತೂಕ ನೋಡಿ ಡಾಕ್ಟರ್ ಕೊಡುತ್ತಾರೆ. ಮೂಗಿಗೆ ಬೇವಿನೆಣ್ಣೆ, ಸೀಮೆಎಣ್ಣೆ ಹನಿ ಹಾಕುವುದು ಬೇಡವೇ ಬೇಡ.

ಓಡಿಸಿದಾಗ ಕೆಮ್ಮು, ನಿಂತಾಗ ಇಲ್ಲ, ಮೈ ಇಳಿಯುತ್ತಿದೆ ಎಂದರೆ ಶ್ವಾಸಕೋಶದ ಹುಳು ಇರಬಹುದು. ಹಿಕ್ಕೆ ಪರೀಕ್ಷೆಗೆ ಕೊಡಿ.

ಔಷಧ ಕುಡಿಸಿದ ಮರುದಿನ ಕೆಮ್ಮು ಶುರುವಾಯಿತೇ? ಗೊಟ್ಟದಲ್ಲಿ (ಔಷಧ ಕುಡಿಸುವ ಕೊಳವೆಯಲ್ಲಿ) ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಿದರೆ ಔಷಧ ಶ್ವಾಸಕ್ಕೆ ಇಳಿಯುತ್ತದೆ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಕುಡಿಸುವಾಗ ಕೆಮ್ಮಿದರೆ ತಕ್ಷಣ ತಲೆ ಬಿಡಿ. ಈ ಒಂದು ಅಭ್ಯಾಸ ಬದಲಾದರೆ ಎಷ್ಟೋ ಕುರಿ ಉಳಿಯುತ್ತವೆ ಎಂದು ನನ್ನ ನಂಬಿಕೆ.

ಒಂದೇ ವಾರದಲ್ಲಿ ಹಲವು ಕುರಿಗಳಿಗೆ ಜ್ವರ, ಕಣ್ಣು ಮೂಗು ಸೋರುವುದು, ಬಾಯಲ್ಲಿ ಹುಣ್ಣು, ಭೇದಿ, ಕೆಮ್ಮು ಬಂದರೆ ಪಿಪಿಆರ್, ಅಂದರೆ ಹಿರೇಬೇನೆ ಇರಬಹುದು. ಇಲ್ಲಿ ಮನೆಮದ್ದು ನಿಲ್ಲಿಸಿ. ಬಿದ್ದವನ್ನು ಬೇರೆ ಮಾಡಿ, ಹಿಂಡನ್ನು ಸಂತೆಗೆ, ಬೇರೆ ಊರಿಗೆ ಒಯ್ಯಬೇಡಿ, ಪಶು ದವಾಖಾನೆಗೆ ತಿಳಿಸಿ. ಇದು ಮನುಷ್ಯರಿಗೆ ಬರುವುದಿಲ್ಲ, ಆದರೆ ಪಕ್ಕದ ಹಟ್ಟಿಯನ್ನು ಖಾಲಿ ಮಾಡುತ್ತದೆ. ಮೊದಲೇ ಹಾಕಿಸುವ ಲಸಿಕೆ ಇದೆ. ಮರಿಗೆ ನಾಲ್ಕು ತಿಂಗಳಾದ ಮೇಲೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ.

ನರಳುತ್ತದೆ, ತಿಣುಕಿ ಮುಕ್ಕುತ್ತದೆ

ಗಬ್ಬದ ಕುರಿಯಾದರೆ ಈಯುವ ನೋವು. ನೀರಿನ ಚೀಲ ಒಡೆದು ಒಂದು ಗಂಟೆ ಮುಕ್ಕಿದರೂ ಮರಿಯ ಮೂತಿ, ಮುಂಗಾಲು ಕಾಣದಿದ್ದರೆ ಕಾಯಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಒಂದೇ ಕಾಲು, ಬರೀ ಬಾಲ, ಕಾಲಿಲ್ಲದೆ ತಲೆ ಮಾತ್ರ ಕಂಡರೂ ಹಾಗೆಯೇ. ಎಳೆದಾಡಬೇಡಿ, ಗರ್ಭಕೋಶ ಹರಿಯುತ್ತದೆ.

ಟಗರಾದರೆ ಬೇರೆ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾಡಗ್ಯಾಳ ಟಗರಿಗೆ ಎತ್ತರದ ಮೈ, ಗಿಳಿಮೂಗು, ಒಳ್ಳೆಯ ಬೆಲೆ. ಅದಕ್ಕೇ ಅದನ್ನು ಕಟ್ಟಿಹಾಕಿ ಗೋವಿನಜೋಳ, ಗೋಧಿ, ಹಿಂಡಿ ಜಾಸ್ತಿ ತಿನ್ನಿಸುತ್ತಾರೆ. ಕಾಳು ಜಾಸ್ತಿ, ನೀರು ಕಡಿಮೆ ಆದಾಗ ಮೂತ್ರದಲ್ಲಿ ಹರಳು ಕಟ್ಟುತ್ತದೆ. ಟಗರಿನ ಮೂತ್ರನಾಳ ಉದ್ದ, ಕಿರಿದು. ಕೊನೆಯಲ್ಲಿ ದಾರದ ಹಾಗೆ ಸಣ್ಣದು. ಹರಳು ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಟಗರು ಬೆನ್ನು ಬಾಗಿಸಿ, ಹಿಂಗಾಲು ಅಗಲಿಸಿ, ಬಾಲ ಮಿಡಿಯುತ್ತಾ ಮುಕ್ಕುತ್ತದೆ, ಒಂದೊಂದು ಮುಕ್ಕಿಗೂ ‘ಹುಂ’ ಎಂದು ನರಳುತ್ತದೆ. ನೋಡಿದವರು ಮಲಬದ್ಧತೆ ಎಂದು ಎಣ್ಣೆ ಕುಡಿಸುತ್ತಾರೆ. ಅಷ್ಟರಲ್ಲಿ ಒಂದು ದಿನ ಹೋಗಿರುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಕೆಳಗೆ ಒಣ ನೆಲ ಇರುವ ಕಡೆ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ನೆಲ ಒದ್ದೆಯಾಯಿತೇ, ಹನಿ ಹನಿ ಬಿತ್ತೇ, ಏನೂ ಇಲ್ಲವೇ? ಮೂತ್ರ ಬರುವ ಕಡೆಯ ಕೂದಲು ಮುಟ್ಟಿ. ಪೂರ್ತಿ ಒಣಗಿದ್ದರೆ, ಮರಳಿನಂಥ ಕಣ ಅಂಟಿದ್ದರೆ, ರಕ್ತದ ಹನಿ ಇದ್ದರೆ ಅದು ಹರಳೇ. ಅದೇ ದಿನ ಡಾಕ್ಟರ್ ನೋಡಬೇಕು, ಮೂತ್ರಕೋಶ ಒಡೆದರೆ ಉಳಿಯುವುದಿಲ್ಲ. ಹಾದಿಯಲ್ಲಿ ನೀರು ಬಲವಂತವಾಗಿ ಕುಡಿಸಬೇಡಿ. ಉಳಿದ ಟಗರುಗಳಿಗೆ ಕಾಳು ಕಡಿಮೆ ಮಾಡಿ, ಒಣ ಮೇವು ಹೆಚ್ಚಿಸಿ, ಮೇವಿಗೆ ಉಪ್ಪು ಸೇರಿಸಿ. ಉಪ್ಪಿಗೆ ನೀರು ಕುಡಿಯುತ್ತವೆ, ಮೂತ್ರ ತೆಳ್ಳಗಾಗುತ್ತದೆ.

ಹಲ್ಲು ಕಡಿಯುವ ಸದ್ದು

ಮೆಲುಕು ಹಾಕುವ ಸದ್ದಿಗೂ ಇದಕ್ಕೂ ವ್ಯತ್ಯಾಸ ಇದೆ. ಮೆಲುಕಿನಲ್ಲಿ ದವಡೆ ಒಂದೇ ತಾಳದಲ್ಲಿ ಅಡ್ಡ ಆಡುತ್ತದೆ, ಮೇವಿನ ಉಂಡೆ ಗಂಟಲಲ್ಲಿ ಮೇಲೆ ಬರುವುದು ಕಾಣುತ್ತದೆ. ಹಲ್ಲು ಕಡಿಯುವುದು ತಾಳ ತಪ್ಪಿದ್ದು, ಒಣ, ಕರಕರ. ಇದು ನೋವಿನ ಗುರುತು, ಹೆಚ್ಚಾಗಿ ಹೊಟ್ಟೆಯದು.

ಎಡಪಕ್ಕೆಯ ಹಳ್ಳಕ್ಕೆ ಕಿವಿ ಒತ್ತಿ ಇಡಿ. ಚೆನ್ನಾಗಿರುವ ಕುರಿಯಲ್ಲಿ ನಿಮಿಷಕ್ಕೆ ಒಂದೆರಡು ಸಲ ದೂರದ ಗುಡುಗಿನ ಹಾಗೆ ಸದ್ದು ಉರುಳಿ ಬರುತ್ತದೆ. ಎರಡು ನಿಮಿಷ ಕಾದರೂ ಏನೂ ಕೇಳದಿದ್ದರೆ ಹೊಟ್ಟೆ ನಿಂತಿದೆ. ಅಲ್ಲಿಯೇ ಬೆರಳಿನಿಂದ ತಟ್ಟಿ. ಡೋಲಿನಂತೆ ಬಿಗಿಯಾಗಿ, ಎಡಗಡೆ ಉಬ್ಬಿದ್ದರೆ ಹೊಟ್ಟೆ ಉಬ್ಬರ. ಕುರಿ ಎಚ್ಚರವಾಗಿ ನಿಂತು ನುಂಗುತ್ತಿದ್ದರೆ ಮಾತ್ರ 50ರಿಂದ 100 ಮಿ.ಲೀ. ಶೇಂಗಾ ಎಣ್ಣೆ ನಿಧಾನ ಕುಡಿಸಿ, ಮುಂಗಾಲು ಎತ್ತರದ ಜಾಗದಲ್ಲಿ ನಿಲ್ಲಿಸಿ, ನಡೆದಾಡಿಸಿ. ಬೆನ್ನ ಮೇಲೆ ಉರುಳಿಸಬೇಡಿ. ನಾಲಿಗೆ ಹೊರಬಂದು ಉಸಿರು ಕಟ್ಟುತ್ತಿದ್ದರೆ ಎಣ್ಣೆ ಬಿಟ್ಟು ಫೋನ್ ಮಾಡಿ.

ಹೊಟ್ಟೆ ಉಬ್ಬಿಲ್ಲ, ಆದರೆ ಒಳಗೆ ನೀರು ಕುಲುಕಿದಂತಿದೆ, ರಾಶಿಯ ಕಣದಲ್ಲಿ ಜೋಳ ತಿಂದಿತ್ತು ಎಂದರೆ ಕಾಳಿನ ಹುಳಿ. ಇದು ಬೇಗ ಕೊಲ್ಲುತ್ತದೆ, ಎಣ್ಣೆಯಿಂದ ಪ್ರಯೋಜನ ಇಲ್ಲ. ಎಳೆಯ ಅಥವಾ ಬಾಡಿದ ಜೋಳದ ಬೆಳೆಗೆ ನುಗ್ಗಿ ಸ್ವಲ್ಪ ಹೊತ್ತಿನಲ್ಲೇ ಏದುಸಿರು, ನಡುಕ ಬಂದರೆ ಜೋಳದ ವಿಷ. ಅಲ್ಲಿ ನಿಮಿಷಗಳ ಲೆಕ್ಕ, ಮೊದಲು ಉಳಿದವನ್ನು ಹೊಲದಿಂದ ಹೊರಗೆ ಹಾಕಿ.

ದನಿ ಬದಲಾಗಿದೆ, ಒಡೆದಿದೆ

ಕೊರಳ ಹಗ್ಗ, ಗಂಟೆಯ ಪಟ್ಟಿ ಬಿಗಿಯಾಗಿದೆಯೇ ನೋಡಿ. ಮರಿ ಬೆಳೆದರೂ ಪಟ್ಟಿ ಹಳೆಯದೇ ಇರುತ್ತದೆ. ದವಡೆಯ ಕೆಳಗೆ ಗಂಟು, ಬಾವು ಇದೆಯೇ ಹೊರಗಿನಿಂದ ಮುಟ್ಟಿ.

ಬಾಯೊಳಗೆ ಮುಳ್ಳು ಇರಬಹುದೆಂದು ಕೈ ಹಾಕುವ ಮೊದಲು ನಿಲ್ಲಿ. ಗೊಗ್ಗರು ದನಿ, ಸುರಿಯುವ ಜೊಲ್ಲು, ನುಂಗಲು ಆಗದಿರುವುದು, ಸಾಧು ಕುರಿ ಹಾಯಲು ಬರುವುದು, ಹಿಂಗಾಲು ಸೋಲುವುದು, ಇವು ಜೊತೆಯಾಗಿದ್ದರೆ ಹುಚ್ಚುನಾಯಿ ರೋಗದ ಸಂಶಯ ಪಡಲೇಬೇಕು. ಹಿಂದಿನ ಕೆಲವು ವಾರ, ಕೆಲವು ತಿಂಗಳಲ್ಲಿ ನಾಯಿ ಕಚ್ಚಿತ್ತೇ ನೆನಪಿಸಿಕೊಳ್ಳಿ. ಬರಿಗೈ ಬಾಯಿಗೆ ಬೇಡ, ಹಾಲು ಕುಡಿಯುವುದು ಬೇಡ, ಕೊಯ್ಯುವುದು ಬೇಡ. ಬೇರೆ ಕಟ್ಟಿ, ದವಾಖಾನೆಗೆ ತಿಳಿಸಿ. ಜೊಲ್ಲು ಗಾಯಕ್ಕೆ, ಕಣ್ಣಿಗೆ ತಾಗಿದ್ದರೆ ಗಾಯವನ್ನು ಸೋಪು ಹಚ್ಚಿ, ಕಣ್ಣನ್ನು ಬರೀ ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಮನುಷ್ಯರಿಗೆ ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಏನೂ ಸದ್ದಿಲ್ಲ

ಬಲೆ ಬಿಚ್ಚಿದಾಗ ಎಲ್ಲವೂ ಒದರುತ್ತಾ ನುಗ್ಗುತ್ತವೆ, ಒಂದು ಮಾತ್ರ ಹಿಂದೆ ಉಳಿಯುತ್ತದೆ. ಕಿವಿ ಜೋತು, ಮೆಲುಕಿಲ್ಲ. ಮರಿ ಕರೆದರೂ ಉತ್ತರ ಇಲ್ಲ. ಮೊದಲು ಹಿಡಿಯಬೇಕಾದದ್ದು ಇದನ್ನೇ.

ಕಣ್ಣಿನ ಕೆಳರೆಪ್ಪೆ ಎಳೆದು ಬೆಳಕಿಗೆ ಹಿಡಿದು ಒಳಬಣ್ಣ ನೋಡಿ. ಕೆಂಪು ಇದ್ದರೆ ರಕ್ತ ಸಾಕಷ್ಟಿದೆ. ಬಿಳಿಚಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಚೀಲ ಇದ್ದರೆ, ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ಇರುವುದೇ ಹೆಚ್ಚು. ಮಳೆಗಾಲದಲ್ಲಿ ಇದು ಜಾಸ್ತಿ. ಅಂಥ ಕುರಿಯನ್ನು ಬಿಸಿಲಲ್ಲಿ ಓಡಿಸಬೇಡಿ, ಹಿಡಿಯುವಾಗಲೇ ಬಿದ್ದು ಸಾಯಬಹುದು. ಕಣ್ಣು ಹಳದಿ, ಮೂತ್ರ ಕಾಫಿ ಬಣ್ಣ ಇದ್ದರೆ ದ್ರಾಕ್ಷಿ ತೋಟದಲ್ಲಿ ಮೇಯ್ದಿತ್ತೇ ಕೇಳಿ. ಅಲ್ಲಿ ಹೊಡೆಯುವ ಮೈಲುತುತ್ತದ ತಾಮ್ರ ಕುರಿಗೆ ವಿಷ. ಚಾಟಣಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಬಿದ್ದ ಎಲೆ ತಿನ್ನಲು ಹಿಂಡು ಬಿಡುವ ರೂಢಿ ಇರುವವರು ಇದನ್ನು ಗಮನಿಸಬೇಕು. ತುಂಬು ಗಬ್ಬದ, ಅವಳಿ ಹೊತ್ತ ಕುರಿ ಮೇವು ಬಿಟ್ಟು ಮಂಕಾಗಿ, ಉಸಿರು ಸಿಹಿ ವಾಸನೆ ಬಂದರೆ ಅದಕ್ಕೆ ಶಕ್ತಿ ಸಾಲುತ್ತಿಲ್ಲ. ಅದೂ ಅದೇ ದಿನದ ಕೆಲಸ.

ಡಾಕ್ಟರ್‌ಗೆ ಏನು ಹೇಳಬೇಕು

1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಹೇಳಬಹುದು. ಆ ಕಡೆಯವರಿಗೆ ಕನ್ನಡ ಬರದಿದ್ದರೆ ಮರಾಠಿಯಲ್ಲಿ ಹೇಳಿ: ಖೋಕಲಾ ಎಂದರೆ ಕೆಮ್ಮು, ಪೋಟಫುಗಿ ಎಂದರೆ ಉಬ್ಬರ, ತಾಪ ಎಂದರೆ ಜ್ವರ. ಬರೀ ‘ಕುರಿ ಒದರುತ್ತದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಜ್ವರ ಎಷ್ಟು, ಉಸಿರು ಎಷ್ಟು, ಹೊಟ್ಟೆಯ ಸದ್ದು ಇದೆಯೋ ಇಲ್ಲವೋ, ಮೂತ್ರ ಹಿಕ್ಕೆ ಆಯಿತೋ, ನಿನ್ನೆ ಎಲ್ಲಿ ಮೇಯ್ದಿತು, ಎಷ್ಟು ಕುರಿಗೆ ಆಗಿದೆ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೇಳಿ. ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ, ಹತ್ತಿರ ಹಿಡಿದು ದನಿಯೂ ಕೇಳುವ ಹಾಗೆ. ಡಾಕ್ಟರ್ ಬರುವ ಹೊತ್ತಿಗೆ ಕೆಮ್ಮು ನಿಂತಿರುತ್ತದೆ, ವಿಡಿಯೋದಲ್ಲಿ ಉಳಿದಿರುತ್ತದೆ. ಅವರು ಬರುವವರೆಗೆ ಕುರಿಯನ್ನು ನೆರಳಲ್ಲಿ, ಅಂಟುವ ರೋಗದ ಸಂಶಯ ಇಲ್ಲದಿದ್ದರೆ ಇನ್ನೊಂದು ಕುರಿಯ ಜೊತೆ ನಿಲ್ಲಿಸಿ, ಮುಂದೆ ನೀರು ಇಡಿ, ಬೇರೆ ಯಾವ ಔಷಧವನ್ನೂ ಕೊಡಬೇಡಿ.